ನೋವಿನ ಚಿಕಿತ್ಸೆಯಲ್ಲಿ ರಕ್ತಸ್ರಾವದ ಭಯ: ಒಂದು ಮಾರ್ಗಸೂಚಿಯ ಆಧಾರವಿಮರ್ಶೆ

ಅಮೆರಿಕದಲ್ಲಿ ‘ಅಸ್ರ’ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾಗಿರುವ ಅರಿವಳಿಕೆ ಹಾಗೂ ನೋವುಚಿಕಿತ್ಸೆಯ ವೈದ್ಯರ ಸಂಘವು, ಯೂರೋಪಿನ ಸೋದರ ಸಂಘವೊಂದರೊಡನೆಯೂ ಇತರ ಕೆಲವು ಸಂಸ್ಥೆಗಳೊಡನೆಯೂ ಕೂಡಿ 2015ರಲ್ಲಿ ಒಂದು ಮಾರ್ಗಸೂಚಿಯನ್ನು ಹೊರಡಿಸಿತು. 2018ರಲ್ಲಿ ಅದರ ಪರಿಷ್ಕೃತವಾದ ಎರಡನೆಯ ಆವೃತ್ತಿ ಪ್ರಕಟವಾಯಿತು. ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಔಷಧಗಳನ್ನು, ಅಂದರೆ ಜನರು ‘ರಕ್ತ ತೆಳುಮಾಡುವ ಗುಳಿಗೆ’ಗಳೆಂದು ಕರೆಯುವವನ್ನು, ಸೇವಿಸುತ್ತಿರುವ ರೋಗಿಗೆ ನೋವಿನ ನಿವಾರಣೆಗಾಗಿ ಬೆನ್ನಿನಲ್ಲಿ ಸೂಜಿಯನ್ನೋ ಸಾಧನವನ್ನೋ ಇಳಿಸಬೇಕಾಗಿ ಬಂದಾಗ ಆ ಔಷಧವನ್ನು ನಿಲ್ಲಿಸಬೇಕೆ, ನಿಲ್ಲಿಸುವುದಾದರೆ ಎಷ್ಟು ದಿನ ಮುಂಚೆ, ಮತ್ತೆ ಯಾವಾಗ ಆರಂಭಿಸಬೇಕು ಎಂಬುದು ಅದರ ವಿಷಯ.

ಇಂಥ ಬರಹವೊಂದನ್ನು ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಕೆಲವು ವಾಚಕರಿಗೆ ಅಪ್ರಸ್ತುತವೆಂದು ತೋರಬಹುದು. ನಾವು ವೈದ್ಯರಲ್ಲ; ಔಷಧದ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ; ಈ ಪುಟಗಳನ್ನೋದಿ ಯಾವ ರೋಗಿಯೂ ತನ್ನ ಗುಳಿಗೆಯ ಕ್ರಮವನ್ನು ಬದಲಿಸಬಾರದು. ಆದರೆ ಒಂದು ಬರಹವು ಯಾವ ದಾಖಲೆಗಳ ಮೇಲೆ ನಿಂತಿದೆ, ಆ ದಾಖಲೆಗಳನ್ನು ಬರೆದವರು ಯಾರು, ಬರೆಯದೆ ಬಿಟ್ಟುದು ಯಾವುದು ಎಂದು ಕೇಳುವುದು ನಮ್ಮ ಕಸುಬು. ಶಾಸನವನ್ನೋ ಬಖೈರನ್ನೋ ಓದುವಾಗ ನಾವು ಕೇಳುವ ಪ್ರಶ್ನೆಗಳನ್ನೇ ಈ ಮಾರ್ಗಸೂಚಿಗೂ ಅದರ ಹಿಂದಿರುವ ಬರಹಗಳ ಪರಂಪರೆಗೂ ಕೇಳಿದರೆ ಉತ್ತರಗಳು ವಿಚಾರಯೋಗ್ಯವಾಗಿವೆ. ಅಲ್ಲದೆ ಇಲ್ಲಿ ಒಂದು ಪ್ರಾಚೀನ ರಾಜನ ಪಟ್ಟಾಭಿಷೇಕದ ವರ್ಷ ಹಿಂದುಮುಂದಾಗುವುದಿಲ್ಲ. ಮನುಷ್ಯನೊಬ್ಬನ ಕಾಲುಗಳ ಸ್ವಾಧೀನ ಅಥವಾ ಅವನ ಪ್ರಾಣ ಹಿಂದುಮುಂದಾಗುತ್ತದೆ.

ಅಪಾಯವೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಬೆನ್ನುಮೂಳೆಯ ಕೊಳವೆಯೊಳಗೆ, ಬೆನ್ನುಹುರಿಯನ್ನು ಹೊದೆದಿರುವ ಗಟ್ಟಿ ಪೊರೆಯ ಹೊರಗೆ, ಕೊಬ್ಬು ಮತ್ತು ತೆಳುಗೋಡೆಯ ಸಿರೆಗಳ ಜಾಲದಿಂದ ತುಂಬಿದ ಇಕ್ಕಟ್ಟಾದ ಅವಕಾಶವೊಂದಿದೆ. ಎಪಿಡ್ಯೂರಲ್ ಎಂಬುದು ಅದರ ಹೆಸರು. ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿಗಾಗಿ ಸ್ಟೀರಾಯ್ಡ್ ಔಷಧವನ್ನು ಸೂಜಿಯ ಮೂಲಕ ಹಾಕುವುದು ಬಹುಮಟ್ಟಿಗೆ ಈ ಅವಕಾಶಕ್ಕೇ. ಸೂಜಿ ತಾಗಿ ಸಿರೆಯೊಂದು ಹರಿದರೆ ಕೆಲವು ತೊಟ್ಟು ರಕ್ತ ಒಸರುವುದು ಅಸಹಜವಲ್ಲ. ಆರೋಗ್ಯವಂತನ ರಕ್ತ ಕೂಡಲೆ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ಹೆಪ್ಪುಗಟ್ಟುವ ಶಕ್ತಿ ಕುಗ್ಗಿದ್ದರೆ ರಕ್ತ ಶೇಖರವಾಗುತ್ತ ಹೋಗುತ್ತದೆ. ತೋಳಿನಲ್ಲಾದರೆ ಊದಿ ನೀಲಿಗಟ್ಟಿ ಕೆಲವು ದಿನಗಳಲ್ಲಿ ಕರಗುತ್ತಿತ್ತು. ಇಲ್ಲಿ ಸುತ್ತಲೂ ಎಲುಬು, ಊದಲು ಎಡೆಯಿಲ್ಲ. ಆ ರಕ್ತದ ಗಂಟು ಬೆನ್ನುಹುರಿಯನ್ನೇ ಅಮುಕುತ್ತದೆ. ಗಂಟೆಗಳೊಳಗೆ ಶಸ್ತ್ರಕ್ರಿಯೆ ಮಾಡಿ ಅದನ್ನು ತೆಗೆಯದಿದ್ದರೆ ಕಾಲುಗಳು ಶಾಶ್ವತವಾಗಿ ನಿಶ್ಚೇಷ್ಟಿತವಾಗಬಹುದು.

ಇನ್ನೊಂದು ಪಕ್ಕದ ಅಪಾಯವೂ ಅಷ್ಟೇ ನಿಜವಾದುದು. ಹೃದಯದ ಬಡಿತ ಲಯತಪ್ಪಿದವನು, ಕೃತಕ ಕವಾಟವನ್ನು ಹಾಕಿಸಿಕೊಂಡವನು, ಹೃದಯದ ನಾಳದಲ್ಲಿ ಸ್ಟೆಂಟ್ ಇರುವವನು ಸುಮ್ಮನೆ ಈ ಗುಳಿಗೆಗಳನ್ನು ನುಂಗುತ್ತಿಲ್ಲ. ಅವನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹೆಪ್ಪೊಂದು ಮಿದುಳಿಗೆ ಸಾಗಿ ಲಕ್ವ ಹೊಡೆಯಬಹುದು, ಸ್ಟೆಂಟ್ ಮುಚ್ಚಿ ಹೃದಯಾಘಾತವಾಗಬಹುದು. ಆದುದರಿಂದ ನಿಲ್ಲಿಸಿದರೂ ಅಪಾಯ, ನಿಲ್ಲಿಸದಿದ್ದರೂ ಅಪಾಯ. ಇವೆರಡನ್ನು ತಕ್ಕಡಿಯಲ್ಲಿಟ್ಟು ತೂಗಬೇಕೆಂದು ಎಲ್ಲರೂ ಒಪ್ಪುತ್ತಾರೆ. ಎರಡು ತಟ್ಟೆಗಳಲ್ಲಿಯೂ ಹಾಕಲು ಒಂದೇ ಬಗೆಯ ತೂಕದ ಬೊಟ್ಟು ನಮ್ಮಲ್ಲಿದೆಯೆ ಎಂಬುದೇ ಈ ಲೇಖನದ ಪ್ರಶ್ನೆ. ಇಲ್ಲವೆಂದೂ, ಆ ಕೊರತೆಗೆ ಕಾರಣ ವೈದ್ಯಶಾಸ್ತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ದಾಖಲೆಗಳು ಹುಟ್ಟುವ ಬಗೆಯಲ್ಲಿದೆಯೆಂದೂ ನಮ್ಮ ಅಭಿಪ್ರಾಯ.

ಸೂಜಿಯ ಇತಿಹಾಸವೂ ಔಷಧದ ಇತಿಹಾಸವೂ ಬಹುಕಾಲ ಬೇರೆಬೇರೆಯಾಗಿಯೇ ಹರಿದುಬಂದುವು. ಬೆನ್ನುಹುರಿಯ ಸುತ್ತಣ ದ್ರವದಲ್ಲಿ ಕೊಕೇನ್ ಹಾಕಿ ಅರಿವಳಿಕೆ ಪಡೆಯುವ ಕ್ರಮವನ್ನು ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ಸಾಧಿಸಿದನು. ಎಪಿಡ್ಯೂರಲ್ ಅವಕಾಶವನ್ನು ಬೆನ್ನಿನ ಬುಡದಿಂದ ಪ್ರವೇಶಿಸುವ ಮಾರ್ಗವನ್ನು ಪ್ಯಾರಿಸ್ಸಿನ ಸಿಕಾರ್ ಮತ್ತು ಕ್ಯಾತ್ಲೆ ಎಂಬವರು 1901ರಲ್ಲಿ ತೋರಿಸಿದರು. ಆಗ ರಕ್ತ ತೆಳುಮಾಡುವ ಗುಳಿಗೆಯೆಂಬುದು ಇರಲೇ ಇಲ್ಲ. ಹೆಪಾರಿನ್ನಿನ ಕಥೆ 1916ರಲ್ಲಿ ಬಾಲ್ಟಿಮೋರಿನ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಯ ಪ್ರಯೋಗಗಳಿಂದ ಮೊದಲಾಗುತ್ತದೆ. ವಾರ್ಫರಿನ್ನಿನ ಕಥೆ ಇನ್ನೂ ಸ್ವಾರಸ್ಯವಾದುದು. 1920ರ ದಶಕದಲ್ಲಿ ಕೆನಡದಲ್ಲಿಯೂ ಅಮೆರಿಕದ ಉತ್ತರ ಬಯಲುಗಳಲ್ಲಿಯೂ ದನಗಳು ಸಣ್ಣ ಗಾಯಕ್ಕೆ ರಕ್ತ ನಿಲ್ಲದೆ ಸಾಯತೊಡಗಿದುವು. ಕೆಟ್ಟು ಬೂಸರು ಹಿಡಿದ ಸಿಹಿ ಕ್ಲೋವರ್ ಹುಲ್ಲೇ ಇದಕ್ಕೆ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಕಂಡುಹಿಡಿದನು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಅವನ ಸಹಾಯಕರು ಆ ಹುಲ್ಲಿನ ವಿಷವಸ್ತುವನ್ನು ಬೇರ್ಪಡಿಸಿದರು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ದನದ ಕೊಟ್ಟಿಗೆಯಿಂದ ಇಲಿಯ ಬಿಲದ ಮೂಲಕ ಆಸ್ಪತ್ರೆಗೆ ಬಂದ ಔಷಧವಿದು. ಸ್ಟೀರಾಯ್ಡನ್ನು ಬೆನ್ನಿನ ನರದ ಬುಡಕ್ಕೆ ಹಾಕುವ ಪದ್ಧತಿಯೂ ಹೆಚ್ಚು ಕಡಮೆ ಅದೇ ಕಾಲದ್ದು. ಇಟಲಿಯ ವೈದ್ಯರು 1952ರಲ್ಲಿ ಅದನ್ನು ವರದಿಮಾಡಿದರು. ಕಾಲಕ್ರಮದಲ್ಲಿ ಈ ಎರಡು ಹೊಳೆಗಳೂ ಒಂದೇ ರೋಗಿಯ ದೇಹದಲ್ಲಿ ಕೂಡಿದುವು. ಮುಪ್ಪಿನಲ್ಲಿ ಬೆನ್ನು ನೋಯುವವರೂ ಹೃದಯದ ಔಷಧವನ್ನು ಸೇವಿಸುವವರೂ ಬಹುಮಟ್ಟಿಗೆ ಒಂದೇ ಜನ.

ಆದರೂ ನಿಯಮಗಳು ಹುಟ್ಟಿದ್ದು ಈ ವೃದ್ಧರ ಬೆನ್ನುನೋವಿನಿಂದಲ್ಲ, ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ನಡೆದ ಒಂದು ಅನಾಹುತದಿಂದ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಇಂದಿನ ಮಾರ್ಗಸೂಚಿಯನ್ನು ಅರ್ಥಮಾಡಿಕೊಳ್ಳಲಾಗದು. ಎನಾಕ್ಸಪರಿನ್ ಎಂಬ ಹೊಸ ಬಗೆಯ ಹೆಪಾರಿನ್ 1993ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಯೂರೋಪಿನಲ್ಲಿ ಅದು ಅದಕ್ಕೂ ಮುಂಚಿನಿಂದ ಬಳಕೆಯಲ್ಲಿತ್ತು, ಬೆನ್ನಿನ ಅರಿವಳಿಕೆಯೊಡನೆ ಅದರಿಂದ ಕೇಡಾದುದು ಅತಿ ವಿರಳವಾಗಿತ್ತು. ಈ ನೆಮ್ಮದಿಯ ಮೇಲೆ ಅಮೆರಿಕದ ವೈದ್ಯರು ಮುಂದುವರಿದರು. 1993ರಿಂದ 1998ರವರೆಗಿನ ಐದು ವರ್ಷಗಳಲ್ಲಿ ಬೆನ್ನುಮೂಳೆಯೊಳಗೆ ರಕ್ತ ಗಂಟುಕಟ್ಟಿದ 40ಕ್ಕೂ ಹೆಚ್ಚು ಪ್ರಸಂಗಗಳು ಅಲ್ಲಿಂದ ವರದಿಯಾದುವು. 1997ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. 1998ರಲ್ಲಿ ‘ಅಸ್ರ’ ತನ್ನ ಮೊದಲ ಸಮಾಲೋಚನಾ ಸಭೆಯನ್ನು ಕರೆಯಿತು. ಅದೇ ಔಷಧ, ಅದೇ ಸೂಜಿ, ಫಲವೇಕೆ ಬೇರೆಯಾಯಿತು? ಯೂರೋಪಿನಲ್ಲಿ ದಿನಕ್ಕೊಮ್ಮೆ 40 ಮಿಲಿಗ್ರಾಂ ಕೊಡುತ್ತಿದ್ದರು. ಅಮೆರಿಕದಲ್ಲಿ ಹನ್ನೆರಡು ಗಂಟೆಗೊಮ್ಮೆ 30 ಮಿಲಿಗ್ರಾಂ. ದಿನಕ್ಕೊಮ್ಮೆ ಕೊಟ್ಟಲ್ಲಿ ಔಷಧದ ಬಲ ಕುಗ್ಗುವ ಬಿಡುವೊಂದು ದೊರೆಯುತ್ತದೆ. ಕೊಳವೆಯನ್ನು ಹಾಕುವುದೂ ತೆಗೆಯುವುದೂ ಆ ಬಿಡುವಿನಲ್ಲಿ ಸಾಧ್ಯ. ದಿನಕ್ಕೆರಡು ಸಲ ಕೊಟ್ಟಲ್ಲಿ ಆ ಬಿಡುವಿಲ್ಲ. ಒಂದು ದೇಶದ ಅನುಭವವನ್ನು ಅದರ ಸಂದರ್ಭದಿಂದ ಕಿತ್ತು ಇನ್ನೊಂದು ದೇಶದಲ್ಲಿ ನೆಟ್ಟುದರ ಪರಿಣಾಮವಿದು. ಇತಿಹಾಸದ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಅಭ್ಯಾಸಮಾಡುವುದು ಉಚಿತ. ‘ಅಲ್ಲಿ ನಡೆದುದರಿಂದ ಇಲ್ಲಿಯೂ ನಡೆಯುತ್ತದೆ’ ಎಂಬ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಖಂಡನೆ ನಮಗೆ ಗೊತ್ತಿಲ್ಲ.

ಇನ್ನು ಸಂಖ್ಯೆಗಳ ವಿಚಾರ. ಈ ಸಾಹಿತ್ಯವನ್ನು ಓದುವವನಿಗೆ ಮತ್ತೆ ಮತ್ತೆ ಎದುರಾಗುವ ವಾಕ್ಯವೊಂದಿದೆ: ಬೆನ್ನುಮೂಳೆಯೊಳಗಣ ರಕ್ತದ ಗಂಟು ಎಪಿಡ್ಯೂರಲ್ ಅರಿವಳಿಕೆಯಲ್ಲಿ 1,50,000ಕ್ಕೆ ಒಂದಕ್ಕಿಂತ ಕಡಮೆ, ಸ್ಪೈನಲ್ ಅರಿವಳಿಕೆಯಲ್ಲಿ 2,20,000ಕ್ಕೆ ಒಂದಕ್ಕಿಂತ ಕಡಮೆ ಎಂಬುದು. ಇದರ ಮೂಲ ಜರ್ಮನಿಯ ಟ್ರೀಬಾ ಎಂಬವರು 1993ರಲ್ಲಿ ಪ್ರಕಟಿಸಿದ ಲೇಖನ. ‘ಅಸ್ರ’ದ ಅರಿವಳಿಕೆ ಮಾರ್ಗಸೂಚಿಗಳೂ ಇದನ್ನು ಉದ್ಧರಿಸಿವೆ, ಪಕ್ಕದಲ್ಲಿಯೇ ಆ ಗಣನೆಯ ಆಧಾರವನ್ನೂ ಕೊಟ್ಟಿವೆ: 8,50,000 ಎಪಿಡ್ಯೂರಲ್‌ಗಳಲ್ಲಿ 13 ಪ್ರಸಂಗಗಳು, 6,50,000 ಸ್ಪೈನಲ್‌ಗಳಲ್ಲಿ 7. ಪ್ರೌಢಶಾಲೆಯ ಹುಡುಗನೂ ಮಾಡಬಲ್ಲ ಭಾಗಾಕಾರವನ್ನು ಇಲ್ಲಿ ಮಾಡಿ ನೋಡೋಣ. ಎಂಟೂವರೆ ಲಕ್ಷವನ್ನು ಹದಿಮೂರರಿಂದ ಭಾಗಿಸಿದರೆ ಬರುವುದು ಸುಮಾರು 65,000. ಆರೂವರೆ ಲಕ್ಷವನ್ನು ಏಳರಿಂದ ಭಾಗಿಸಿದರೆ ಸುಮಾರು 93,000. ಒಂದೂವರೆ ಲಕ್ಷವೂ ಅಲ್ಲ, ಎರಡು ಲಕ್ಷದ ಇಪ್ಪತ್ತು ಸಾವಿರವೂ ಅಲ್ಲ. ವಾಕ್ಯದಲ್ಲಿ ಕೊಟ್ಟಿರುವ ಆಧಾರದಂತೆ ಅಪಾಯವು ಅದೇ ವಾಕ್ಯದ ತೀರ್ಮಾನಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಹೆಚ್ಚು!

ಶಾಸನವೊಂದರಲ್ಲಿ ಶಕವರ್ಷವೂ ಸಂವತ್ಸರದ ಹೆಸರೂ ಹೊಂದದಿದ್ದರೆ ನಾವು ಏನು ಮಾಡುತ್ತೇವೆ? ಕಲ್ಲನ್ನು ಮತ್ತೆ ಓದುತ್ತೇವೆ, ಅಥವಾ ಹೊಂದುತ್ತಿಲ್ಲವೆಂದು ಅಡಿಯಲ್ಲಿ ಟಿಪ್ಪಣಿ ಬರೆಯುತ್ತೇವೆ. ಮೂಲ ಲೇಖಕರು ಕೆಲವು ರೋಗಿಗಳನ್ನು ಬಿಟ್ಟು ಎಣಿಸಿರಬಹುದು. ಈ ಎರಡು ಸಂಖ್ಯೆಗಳ ನಡುವೆ ಯಾವುದೋ ಒಂದು ಮೆಟ್ಟಿಲು ಇದ್ದಿರಬಹುದು. ಇದ್ದರೆ, ಉದ್ಧರಿಸುವವರು ಆ ಮೆಟ್ಟಿಲನ್ನೂ ಹೊತ್ತು ತರಬೇಕಾಗಿತ್ತು. ಆಧಾರವನ್ನೂ ತೀರ್ಮಾನವನ್ನೂ ಒಟ್ಟಿಗೆ ನಿಲ್ಲಿಸಿ, ಅವೆರಡರ ನಡುವಣ ಕಂದರವನ್ನು ಗಮನಿಸದೆ ಒಂದು ಆವೃತ್ತಿಯಿಂದ ಮತ್ತೊಂದಕ್ಕೆ ಸಾಗಿಸುವುದು ಲಿಪಿಕಾರನ ಕೆಲಸವೇ ಹೊರತು ವಿದ್ವಾಂಸನ ಕೆಲಸವಲ್ಲ. ಇದನ್ನು ಕಟುವಾಗಿ ಹೇಳುತ್ತಿದ್ದೇವೆಂದು ಯಾರಾದರೂ ಭಾವಿಸಿದರೆ, ನಮ್ಮ ಪಠ್ಯಪುಸ್ತಕಗಳಲ್ಲಿಯೂ ಇದೇ ಬಗೆಯ ನಕಲುಗಳು ದಶಕಗಳ ಕಾಲ ಬದುಕಿವೆಯೆಂಬುದನ್ನು ನೆನಪಿಸುತ್ತೇವೆ. ಆದರೆ ಅವುಗಳಿಂದ ಯಾರೂ ಹಾಸಿಗೆ ಹಿಡಿದಿಲ್ಲ.

ಎಣಿಕೆಯ ಪ್ರಶ್ನೆ ಇಷ್ಟಕ್ಕೆ ಮುಗಿಯುವುದಿಲ್ಲ. ಮೋಯೆನ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಸ್ವೀಡನ್ ದೇಶದ ಸಮೀಕ್ಷೆ ಈ ಕ್ಷೇತ್ರದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ಬರಹ. 1990ರಿಂದ 1999ರವರೆಗೆ ಆ ದೇಶದಲ್ಲಿ ನಡೆದ ಸುಮಾರು 12,60,000 ಸ್ಪೈನಲ್ ಮತ್ತು 4,50,000 ಎಪಿಡ್ಯೂರಲ್ ಅರಿವಳಿಕೆಗಳನ್ನು ಅದು ಒಳಗೊಂಡಿದೆ. ಅವುಗಳಲ್ಲಿ ರಕ್ತದ ಗಂಟಿನ 33 ಪ್ರಸಂಗಗಳು ಸಿಕ್ಕಿದುವು. ಒಟ್ಟು ಸರಾಸರಿ ತೆಗೆದರೆ ಸುಮಾರು 52,000ಕ್ಕೆ ಒಂದು. ಆದರೆ ಅವರು ಸರಾಸರಿಯಲ್ಲಿ ನಿಲ್ಲಲಿಲ್ಲ. ಹೆರಿಗೆಯ ಕಾಲದಲ್ಲಿ ಎಪಿಡ್ಯೂರಲ್ ಪಡೆದ ಯುವತಿಯರಲ್ಲಿ 2,00,000ಕ್ಕೆ ಒಂದು. ಮೊಣಕಾಲಿನ ಕೀಲನ್ನು ಬದಲಾಯಿಸಿಕೊಂಡ ಸ್ತ್ರೀಯರಲ್ಲಿ 3,600ಕ್ಕೆ ಒಂದು. ಒಂದೇ ದೇಶ, ಒಂದೇ ದಶಕ, ಒಂದೇ ಸೂಜಿ. ಅಪಾಯದಲ್ಲಿ ಐವತ್ತು ಪಟ್ಟಿಗೂ ಮೀರಿದ ಅಂತರ. ಹೀಗಿರುವಲ್ಲಿ ‘ಅಪಾಯ ಇಷ್ಟು’ ಎಂಬ ಒಂದೇ ಸಂಖ್ಯೆಗೆ ಅರ್ಥವೇನು? ಎಪ್ಪತ್ತು ವರ್ಷದ ಬೆನ್ನುನೋವಿನ ರೋಗಿಯು ಹೆರಿಗೆಯ ಯುವತಿಗಿಂತ ಮೊಣಕಾಲಿನ ಮುದುಕಿಗೇ ಹತ್ತಿರದ ನೆಂಟನೆಂಬುದು ಸಾಮಾನ್ಯಜ್ಞಾನ. ಆದರೂ ಧೈರ್ಯ ಹೇಳುವಾಗ ಬಾಯಿಗೆ ಬರುವುದು ದೊಡ್ಡ ಛೇದವುಳ್ಳ ಸಂಖ್ಯೆಯೇ.

ವಾಂಡರ್ಮೇಲನ್ ಮತ್ತು ಅವರ ಜೊತೆಗಾರರು 1994ರಲ್ಲಿ ಮಾಡಿದ ಕೆಲಸ ಬೇರೆ ಬಗೆಯದು. ಅವರು 1906ರಿಂದ ಅಂದಿನವರೆಗೆ ಅಚ್ಚಾದ ಪ್ರಸಂಗಗಳನ್ನೆಲ್ಲ ಹುಡುಕಿ 61ನ್ನು ಕೂಡಿಸಿದರು. 42 ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿಯ ದೋಷ ಕಂಡುಬಂದಿತ್ತು. ಆ ದೋಷವೋ ಸೂಜಿ ಹಾಕುವುದರಲ್ಲಿನ ತೊಡಕೋ ಎರಡರಲ್ಲೊಂದಾದರೂ ಇದ್ದವರು 53. ಉಳಿದ 8 ಮಂದಿಗೆ ಕಾರಣವೇ ತಿಳಿಯದು. ಎಂಟು ಗಂಟೆಗಳೊಳಗೆ ಶಸ್ತ್ರಕ್ರಿಯೆಯಾದವರಲ್ಲಿ ಚೇತರಿಕೆ ಹೆಚ್ಚೆಂಬ, ಈಗ ಎಲ್ಲ ಕಡೆಯೂ ಹೇಳುವ ಮಾತೂ ಇಲ್ಲಿಯದೇ. ತೊಂಬತ್ತು ವರ್ಷಗಳಲ್ಲಿ ಅರುವತ್ತೊಂದು! ಇದು ನಡೆದ ಪ್ರಸಂಗಗಳ ಎಣಿಕೆಯಲ್ಲ, ಬರೆಯಲ್ಪಟ್ಟ ಪ್ರಸಂಗಗಳ ಎಣಿಕೆ. ಹೆಪಾರಿನ್ ಕೊಟ್ಟ ಮೇಲೆ ಕಾಲು ಬಿದ್ದರೆ ಅದರಲ್ಲಿ ಬರೆಯುವಂಥ ಪಾಠವಿದೆಯೆಂದು ವೈದ್ಯನಿಗೆ ತೋರುತ್ತದೆ. ಏನೂ ಕಾರಣವಿಲ್ಲದೆ ಬಿದ್ದರೆ ಬರೆಯುವ ಉತ್ಸಾಹ ಅಷ್ಟಿರಲಾರದು. 61ರಲ್ಲಿ 42 ಎಂಬ ಪ್ರಮಾಣವು ಔಷಧದ ತಪ್ಪನ್ನು ಎಷ್ಟು ತೋರಿಸುತ್ತದೆ, ಬರೆಯುವವರ ಅಭಿರುಚಿಯನ್ನು ಎಷ್ಟು ತೋರಿಸುತ್ತದೆ ಎಂದು ಬಿಡಿಸಿ ಹೇಳುವುದು ಅಸಾಧ್ಯ.

ಈ ಹಿನ್ನೆಲೆಯಲ್ಲಿ 2015ರ ಮತ್ತು 2018ರ ನೋವುಚಿಕಿತ್ಸೆಯ ಮಾರ್ಗಸೂಚಿಯನ್ನು ನೋಡಬೇಕು. ಸಮೆರ್ ನರೂಜ್ ಅವರ ನೇತೃತ್ವದಲ್ಲಿ ಸಿದ್ಧವಾದ ಈ ಬರಹಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸುತ್ತೇವೆ. ಅದಕ್ಕೆ ಮುಂಚೆ ನೋವಿನ ವೈದ್ಯರು ಶಸ್ತ್ರಕ್ರಿಯೆಯ ಅರಿವಳಿಕೆಗೆಂದು ಬರೆದ ನಿಯಮಗಳನ್ನೇ ಎರವಲು ಪಡೆದಿದ್ದರು. ಸಂಘವು 2012ರ ತನ್ನ ಸಭೆಯಲ್ಲಿ ವಿಚಾರಿಸಿದಾಗ ಆಚರಣೆಯಲ್ಲಿ ಬಹಳ ವೈವಿಧ್ಯ ಕಂಡುಬಂದಿತು. ಸ್ನಾಯುವಿನಲ್ಲಿ ಮೇಲುಮೇಲಕ್ಕೆ ಚುಚ್ಚುವ ಸೂಜಿಗೂ, ಬೆನ್ನುಹುರಿಯ ಪಕ್ಕದಲ್ಲಿ ವಿದ್ಯುತ್ತಿನ ತಂತಿಯನ್ನು ನೆಡುವ ಶಸ್ತ್ರಕ್ರಿಯೆಗೂ ಒಂದೇ ನಿಯಮ ಸಲ್ಲದು ಎಂಬುದನ್ನು ಸ್ಪಷ್ಟವಾಗಿ ಹೇಳಿ, ಚಿಕಿತ್ಸೆಗಳನ್ನು ಅಧಿಕ, ಮಧ್ಯಮ, ಅಲ್ಪ ಅಪಾಯಗಳೆಂದು ಮೂರು ತರಗತಿಗಳಾಗಿ ವಿಭಜಿಸಿದ್ದು ಈ ಮಾರ್ಗಸೂಚಿಯ ಶಾಶ್ವತವಾದ ಸೇವೆ. ಬೆನ್ನುಹುರಿಯ ಉತ್ತೇಜಕ ಸಾಧನ, ಔಷಧದ ಪಂಪನ್ನು ಒಳಗೆ ಅಳವಡಿಸುವುದು, ಮುರಿದ ಕಶೇರುವಿಗೆ ಸಿಮೆಂಟು ತುಂಬುವುದು ಇವು ಮೊದಲನೆಯದರಲ್ಲಿ; ಎಪಿಡ್ಯೂರಲ್ ಸ್ಟೀರಾಯ್ಡ್ ಚುಚ್ಚುಮದ್ದು ಮತ್ತು ಕುತ್ತಿಗೆಯ ಸಣ್ಣ ಕೀಲುಗಳ ನರಚಿಕಿತ್ಸೆ ಎರಡನೆಯದರಲ್ಲಿ; ಸ್ನಾಯುವಿನ ಗಂಟುಗಳು, ಕೈಕಾಲುಗಳ ಕೀಲುಗಳು, ಸೊಂಟದ ಸಣ್ಣ ಕೀಲುಗಳ ನರಚಿಕಿತ್ಸೆ ಮೂರನೆಯದರಲ್ಲಿ. ಅಲ್ಪ ಅಪಾಯದ ಚಿಕಿತ್ಸೆಯಾದರೂ ರೋಗಿ ಮುದುಕನಾಗಿದ್ದರೆ, ಹಿಂದೆ ರಕ್ತಸ್ರಾವವಾಗಿದ್ದರೆ, ಯಕೃತ್ತು ಅಥವಾ ಮೂತ್ರಪಿಂಡ ಕೆಟ್ಟಿದ್ದರೆ ಮೇಲಿನ ತರಗತಿಯದಾಗಿ ಎಣಿಸಬೇಕೆಂದೂ ಸೇರಿಸಿದ್ದಾರೆ. ಇದು ವಿವೇಕದ ಮಾತು.

ಆದರೆ ಈ ಮೂರು ತರಗತಿಗಳ ಗೋಡೆಗಳನ್ನು ಕಟ್ಟಿದ ಇಟ್ಟಿಗೆಗಳಾವುವು? ಬಹುಮಟ್ಟಿಗೆ ಪ್ರಸಂಗವರದಿಗಳು, ಅಂಗರಚನೆಯಿಂದ ಮಾಡಿದ ಊಹೆ, ಮತ್ತು ತಜ್ಞರ ಒಮ್ಮತ. ಲೇಖಕರು ಇದನ್ನು ಮರೆಮಾಚಿಲ್ಲ. ಪೀಠಿಕೆಯನ್ನು ಓದಿದವನಿಗೆ ಅದು ಗೊತ್ತಾಗುತ್ತದೆ. ತೊಂದರೆಯೆಂದರೆ ಪೀಠಿಕೆಯನ್ನು ಓದುವವರು ಕಡಮೆ, ಕೋಷ್ಟಕವನ್ನು ನೋಡುವವರು ಹೆಚ್ಚು. ವಾರ್ಫರಿನ್ 5 ದಿನ, ಕ್ಲೊಪಿಡೋಗ್ರೆಲ್ 7 ದಿನ, ಡಬಿಗಟ್ರಾನ್ 4 ದಿನ, ಅಪಿಕ್ಸಬಾನ್ ಮತ್ತು ರಿವರೋಕ್ಸಬಾನ್ 3 ದಿನ ಎಂದು ಮನೆಮನೆಯಾಗಿ ಗೆರೆಯೆಳೆದು ಬರೆದಾಗ, ‘ಬಹುಶಃ’, ‘ಸಾಮಾನ್ಯವಾಗಿ’, ‘ಔಷಧ ಬರೆದುಕೊಟ್ಟ ವೈದ್ಯರೊಡನೆ ವಿಚಾರಿಸಿ’ ಎಂಬ ಮಾತುಗಳು ಗೆರೆಗಳ ಹೊರಗೆ ಉಳಿದುಬಿಡುತ್ತವೆ. ಔಷಧವು ದೇಹದಿಂದ ಹೋಗಲು ಹಿಡಿಯುವ ಕಾಲವನ್ನು ತಕ್ಕಮಟ್ಟಿಗೆ ಖಚಿತವಾಗಿ ಅಳೆಯಬಹುದು. ಆದುದರಿಂದ ಈ ದಿನಗಳ ಲೆಕ್ಕ ಗಟ್ಟಿಯಾದುದು. ಆದರೆ ಇಂಥ ಚಿಕಿತ್ಸೆಗೆ ಔಷಧವು ಹೋಗಲೇಬೇಕೆ ಎಂಬುದು ಬೇರೆಯೇ ಪ್ರಶ್ನೆ. ಅದು ಅಷ್ಟು ಗಟ್ಟಿಯಲ್ಲ. ಕೋಷ್ಟಕದಲ್ಲಿ ಎರಡೂ ಒಂದೇ ಅಕ್ಷರಗಾತ್ರದಲ್ಲಿ ಅಚ್ಚಾಗುತ್ತವೆ.

ಈಗ ನಮ್ಮ ಮುಖ್ಯ ಆಕ್ಷೇಪಣೆಗೆ ಬರುತ್ತೇವೆ. ಸೂಜಿ ಹಾಕಿದ ಸಂಜೆ ರೋಗಿಯ ಕಾಲು ಬಿದ್ದರೆ ಆ ಘಟನೆಗೆ ತಂದೆಯುಂಟು, ತಾಯಿಯುಂಟು. ಸೂಜಿ ಹಾಕಿದ ವೈದ್ಯನ ಹೆಸರು, ದಿನ, ಗಂಟೆ, ತೆಗೆದ ಚಿತ್ರ, ಮಾಡಿದ ಶಸ್ತ್ರಕ್ರಿಯೆ ಎಲ್ಲವೂ ಒಂದೇ ಕಡತದಲ್ಲಿರುತ್ತವೆ. ಅದು ವೈದ್ಯಪತ್ರಿಕೆಗೆ ಹೋಗುತ್ತದೆ, ಕೆಲವು ದೇಶಗಳಲ್ಲಿ ನ್ಯಾಯಾಲಯಕ್ಕೂ ಹೋಗುತ್ತದೆ. ಅದೇ ರೋಗಿ ಸೂಜಿಗಾಗಿ ಗುಳಿಗೆ ನಿಲ್ಲಿಸಿ, ಸೂಜಿ ಸುಗಮವಾಗಿ ಮುಗಿದು, ಎರಡು ದಿನಗಳ ನಂತರ ಮನೆಯಲ್ಲಿ ಲಕ್ವ ಹೊಡೆದು ಬಿದ್ದರೆ? ಅವನನ್ನು ಮತ್ತೊಂದು ಆಸ್ಪತ್ರೆಯ ಮತ್ತೊಂದು ವಿಭಾಗಕ್ಕೆ ಒಯ್ಯುತ್ತಾರೆ. ಹೃದಯದ ಲಯ ತಪ್ಪಿದವನಿಗೆ ಲಕ್ವವಾಯಿತು, ಅದರಲ್ಲಿ ಆಶ್ಚರ್ಯವೇನು ಎಂದು ಬರೆದುಕೊಳ್ಳುತ್ತಾರೆ. ನೋವಿನ ವೈದ್ಯನಿಗೆ ಸುದ್ದಿ ತಲಪದೆಯೂ ಇರಬಹುದು. ಅವನ ಪುಸ್ತಕದಲ್ಲಿ ಆ ಚಿಕಿತ್ಸೆ ‘ತೊಡಕಿಲ್ಲದೆ ಮುಗಿಯಿತು’ ಎಂದೇ ನಿಂತಿರುತ್ತದೆ. ಎರಡೂ ಮನುಷ್ಯದುಃಖಗಳೇ, ಆದರೆ ಒಂದಕ್ಕೆ ಶಾಸನ ಹಾಕಿಸುವವರಿದ್ದಾರೆ, ಇನ್ನೊಂದಕ್ಕಿಲ್ಲ. ಗೆದ್ದವರ ಶಾಸನಗಳಿಂದಷ್ಟೇ ಯುದ್ಧದ ಇತಿಹಾಸ ಬರೆಯುವವನಿಗೆ ಒದಗುವ ಭ್ರಮೆ ಇಲ್ಲಿಯೂ ಒದಗುತ್ತದೆ. 1906ರಿಂದ ಒಂದೊಂದಾಗಿ ಕೂಡಿಬಂದ ರಕ್ತಸ್ರಾವದ ಪ್ರಸಂಗಗಳಿಗೆ ಎದುರಾಗಿ, ಸೂಜಿಗಾಗಿ ಔಷಧ ನಿಲ್ಲಿಸಿ ಕೆಟ್ಟವರ ಅಂಥದೇ ಸಂಗ್ರಹವನ್ನು ಅಷ್ಟೇ ಕಾಲ, ಅಷ್ಟೇ ಶ್ರದ್ಧೆಯಿಂದ ಯಾರೂ ಕಟ್ಟಿಕೊಂಡು ಬರಲಿಲ್ಲ.

ಆ ಎರಡನೆಯ ಕಡತವನ್ನು ತೆರೆಯಲು ಪ್ರಯತ್ನಿಸಿದ ಬರಹಗಳಲ್ಲಿ ಎಂಡ್ರೆಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಮೆರಿಕದ ಒಂದು ವೈದ್ಯಸಮೂಹದ ಅನುಭವ ಮುಖ್ಯವಾದುದು. ಔಷಧವನ್ನು ಮುಂದುವರಿಸಿಕೊಂಡೇ ಮಾಡಿದ 4,766 ಚಿಕಿತ್ಸೆಗಳಲ್ಲಿ ಆ ಔಷಧದಿಂದಾದ ತೊಡಕು ಒಂದೂ ಇಲ್ಲ. ನಿಲ್ಲಿಸಿ ಮಾಡಿದ 2,296 ಚಿಕಿತ್ಸೆಗಳಲ್ಲಿ 9 ಮಂದಿಗೆ ಗಂಭೀರವಾದ ಕೇಡಾಯಿತು, ಅವರಲ್ಲಿ ಇಬ್ಬರು ತೀರಿಕೊಂಡರು. ಇದನ್ನೋದಿದ ಕೂಡಲೆ ‘ಹಾಗಾದರೆ ನಿಲ್ಲಿಸುವುದೇ ತಪ್ಪು’ ಎಂದು ಕೂಗುವವರ ಜೊತೆಯಲ್ಲಿಯೂ ನಾವಿಲ್ಲ. ಸೊನ್ನೆಯೆಂಬುದು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. 4,766ರಲ್ಲಿ ಒಂದೂ ಇಲ್ಲವೆಂದರೆ, ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದಂತೆ ಮೂರನ್ನು ಆ ಸಂಖ್ಯೆಯಿಂದ ಭಾಗಿಸಿದಾಗ, ನಿಜವಾದ ಅಪಾಯವು 1,600ಕ್ಕೆ ಒಂದರಷ್ಟು ಇದ್ದರೂ ಇರಬಹುದು. ಸ್ವೀಡನ್ನಿನ ಮೊಣಕಾಲಿನ ಮುದುಕಿಯರ ಅಪಾಯಕ್ಕಿಂತ ಅದು ಎರಡು ಪಟ್ಟು! ಅಲ್ಲದೆ ಯಾರಿಗೆ ನಿಲ್ಲಿಸಬೇಕು, ಯಾರಿಗೆ ಬೇಡ ಎಂಬುದನ್ನು ಚೀಟಿಯೆತ್ತಿ ನಿರ್ಧರಿಸಿರಲಿಲ್ಲ. ಎರಡು ಗುಂಪುಗಳನ್ನು ಸಮನೆಂದು ಭಾವಿಸಲಾಗದು. ಲೇಖಕರೂ ತಮ್ಮ ಧೈರ್ಯವನ್ನು ಸೊಂಟದ ಪಕ್ಕದ ರಂಧ್ರದಿಂದ ಹಾಕುವ ಚುಚ್ಚುಮದ್ದು, ಸೊಂಟದ ಸಣ್ಣ ಕೀಲುಗಳ ನರಗಳು, ಸ್ನಾಯುವಿನ ಗಂಟುಗಳು ಮೊದಲಾದ ಕೆಲವೇ ಚಿಕಿತ್ಸೆಗಳಿಗೆ ಸೀಮಿತಗೊಳಿಸಿದ್ದಾರೆ. ಈ ಬರಹದ ಬೆಲೆ ಅದರ ತೀರ್ಮಾನಕ್ಕಿಂತ ಹೆಚ್ಚಾಗಿ ಅದು ಇಟ್ಟ ಲೆಕ್ಕದ ಎರಡನೆಯ ಕಂಬದಲ್ಲಿದೆ. ಆ ಒಂಬತ್ತು ಮಂದಿಯನ್ನು ಯಾರೋ ಹಿಂಬಾಲಿಸಿ ಹೋಗಿ ಎಣಿಸಿದರು.

ಎಣಿಸಿದಾಗ ಹಳೆಯ ನಂಬಿಕೆ ಹೇಗೆ ಕುಸಿಯುತ್ತದೆಂಬುದಕ್ಕೆ ನೆರೆಯ ಕ್ಷೇತ್ರದ ಒಂದು ನಿದರ್ಶನವನ್ನು ಹೇಳಬಹುದು. ವಾರ್ಫರಿನ್ ನಿಲ್ಲಿಸಿದ ದಿನಗಳಲ್ಲಿ ರೋಗಿಯನ್ನು ಬರಿಗೈಯಲ್ಲಿ ಬಿಡಬಾರದು, ಹೆಪಾರಿನ್ ಚುಚ್ಚುಮದ್ದಿನಿಂದ ಸೇತುವೆ ಕಟ್ಟಬೇಕು ಎಂಬುದು ದೀರ್ಘಕಾಲ ನಡೆದುಬಂದ ಆಚಾರ. ಕೇಳಲು ಇದಕ್ಕಿಂತ ಯುಕ್ತವಾದ ಮಾತಿಲ್ಲ. 2015ರಲ್ಲಿ ‘ಬ್ರಿಡ್ಜ್’ ಎಂಬ ಪ್ರಯೋಗದ ಫಲಿತಾಂಶ ಹೊರಬಂದಿತು. ಹೃದಯದ ಲಯ ತಪ್ಪಿದ 1,884 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ ನೋಡಿದಾಗ, ಸೇತುವೆ ಇಲ್ಲದವರಲ್ಲಿ ಹೆಪ್ಪಿನ ಕೇಡು ಶೇಕಡ 0.4, ಇದ್ದವರಲ್ಲಿ ಶೇಕಡ 0.3, ಹೆಚ್ಚು ಕಡಮೆ ಸಮ. ದೊಡ್ಡ ರಕ್ತಸ್ರಾವವಾದರೋ ಸೇತುವೆ ಇಲ್ಲದವರಲ್ಲಿ ಶೇಕಡ 1.3, ಇದ್ದವರಲ್ಲಿ ಶೇಕಡ 3.2. ಈ ಪ್ರಯೋಗ ನಡೆದದ್ದು ನೋವಿನ ಸೂಜಿಯ ಸಂದರ್ಭದಲ್ಲಲ್ಲ, ನಾನಾ ಬಗೆಯ ಶಸ್ತ್ರಕ್ರಿಯೆಗಳ ಸಂದರ್ಭದಲ್ಲಿ. ಎನಾಕ್ಸಪರಿನ್ ಪ್ರಸಂಗವನ್ನು ಮೇಲೆ ಬರೆದ ನಾವು ಇದನ್ನು ಹಾಗೆಯೇ ಕಿತ್ತು ಇಲ್ಲಿ ನೆಡಲಾರೆವು. ಆದರೆ ಎರಡು ಪಕ್ಕದ ಕೇಡನ್ನೂ ಒಂದೇ ಕಾಗದದ ಮೇಲೆ ಬರೆದಿಟ್ಟಾಗ ಮಾತ್ರ ಇಂಥ ತೀರ್ಮಾನ ಸಾಧ್ಯವಾಯಿತೆಂಬುದು ಸ್ಪಷ್ಟ.

ಮಾರ್ಗಸೂಚಿಯ ಇನ್ನೊಂದು ಅಂಶವನ್ನು ಹೇಳಿ ವಿರಮಿಸುತ್ತೇವೆ. ಔಷಧವನ್ನು ಎಂದು ನಿಲ್ಲಿಸಬೇಕೆಂಬುದನ್ನು ಓದುಗರು ಎಷ್ಟು ಕಾತರದಿಂದ ಹುಡುಕುತ್ತಾರೋ, ಎಂದು ಮತ್ತೆ ಆರಂಭಿಸಬೇಕೆಂಬುದನ್ನು ಅಷ್ಟು ಕಾತರದಿಂದ ಹುಡುಕುವುದಿಲ್ಲ. ಹೊಸ ಗುಳಿಗೆಗಳನ್ನು ಸಾಮಾನ್ಯವಾಗಿ 24 ಗಂಟೆಗಳ ನಂತರ ಆರಂಭಿಸಬಹುದೆಂದು ಅದು ಹೇಳುತ್ತದೆ. ವಾರ್ಫರಿನ್ ಆರಂಭಿಸಿದರೂ ಅದರ ಬಲ ಮರಳಲು ಹಲವು ದಿನ ಬೇಕು. ನಿಲ್ಲಿಸೆಂದು ಹೇಳುವವನು ಸೂಜಿಯ ವೈದ್ಯ. ಗುಳಿಗೆಯನ್ನು ಬರೆದುಕೊಟ್ಟವನು ಹೃದಯದ ವೈದ್ಯ. ಮತ್ತೆ ನುಂಗತೊಡಗಬೇಕಾದವನು ನೋವು ಇಳಿದ ಸಂತೋಷದಲ್ಲಿ ಮನೆಗೆ ಮರಳಿದ ಮುದುಕ. ಸೂಜಿಯ ಹಿಂದಿನ ಐದೋ ಏಳೋ ದಿನಗಳಿಗೆ ಆಸ್ಪತ್ರೆಯಲ್ಲಿ ಚೀಟಿಯುಂಟು, ಸಹಿಯುಂಟು, ರಕ್ತಪರೀಕ್ಷೆಯುಂಟು. ಸೂಜಿಯ ಮುಂದಿನ ದಿನಗಳಲ್ಲಿ ಗುಳಿಗೆ ಮತ್ತೆ ಬಾಯಿಗೆ ಬಿದ್ದುದು ಯಾವ ದಿನವೆಂದು ಬರೆದುಕೊಳ್ಳುವ ಅಂಕಣವು ಎಷ್ಟು ಆಸ್ಪತ್ರೆಗಳ ಪುಸ್ತಕದಲ್ಲಿದೆಯೆಂದು ನಮ್ಮ ವೈದ್ಯಮಿತ್ರರು ತಮ್ಮ ತಮ್ಮಲ್ಲಿ ನೋಡಿಕೊಳ್ಳಬೇಕೆಂದು ಕೋರುತ್ತೇವೆ.